ಹಿಂಬದಿಯ ಕೆಂಪು ದೀಪ

ರಾಯಚೂರಿನಿಂದ ಮಾನ್ವಿ, ದೇವದುರ್ಗಗಳತ್ತ ಸಾಗುವ ರಸ್ತೆಗಳಲ್ಲಿ ಹತ್ತಿ, ಭತ್ತದ ಲಾರಿಗಳ ಬೆನ್ನಹಿಂದೆಯೇ ಕಾರು, ಬೈಕುಗಳೂ ಓಡುತ್ತವೆ. ಮುಂದಿನ ವಾಹನ ನಿಲ್ಲಲಿದೆಯೆಂದು ಹಿಂದಿನವನಿಗೆ ಮೊದಲು ಸಾರುವುದು ಕೆಂಪು ಬ್ರೇಕ್ ದೀಪ. ಪೆಡಲಿನ ಬಳಿಯಿರುವ ಪುಟ್ಟ ಸ್ವಿಚ್ಚು, ಪೆಡಲನ್ನು ಒತ್ತಿದೊಡನೆ ವಿದ್ಯುತ್ತನ್ನು ಹರಿಯಗೊಟ್ಟು ಆ ದೀಪವನ್ನು ಬೆಳಗಿಸುತ್ತದೆ. ಸ್ವಿಚ್ಚು ಕೆಟ್ಟರೂ ಬ್ರೇಕು ಹಿಡಿಯಬಲ್ಲದು. ಆದುದರಿಂದ ದೋಷವು ಚಾಲಕನ ಅರಿವಿಗೆ ಬಾರದೆ ಹೋಗಬಹುದು. ಅಪಾಯ ಮಾತ್ರ ಹಿಂದೆ ಬರುವವನನ್ನೂ ಕಾಡುತ್ತದೆ.

ಇಂತಹ ದೋಷ ತಯಾರಿಕೆಯಲ್ಲಿಯೇ ಉಳಿದಿದ್ದರೆ ಕಂಪನಿಯು ವಾಹನಗಳನ್ನು ಹಿಂದಕ್ಕೆ ಕರೆಯಿಸಿ ಉಚಿತವಾಗಿ ಸರಿಪಡಿಸುತ್ತದೆ. 2013ರಲ್ಲಿ ಹ್ಯುಂಡೈ, ಕಿಯಾ ಕಂಪನಿಗಳು ಅಮೆರಿಕದಲ್ಲಿ ಈ ಸ್ವಿಚ್ಚಿನ ಸಲುವಾಗಿಯೇ 16 ಲಕ್ಷಕ್ಕೂ ಮಿಕ್ಕ ವಾಹನಗಳನ್ನು ಕರೆಯಿಸಿಕೊಂಡವು. ಭಾರತದಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಈ ಕ್ರಮಕ್ಕೆ ಶಾಸನದ ಬಲವನ್ನಿತ್ತಿತು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು.

ಹಳೆಯ ವಾಹನ ಕೊಂಡವರು ನೋಂದಣಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ಕಂಪನಿಯ ಪತ್ರವು ಹಿಂದಿನ ಮಾಲೀಕನ ಮನೆಗೇ ಹೋದೀತು. ಆದ್ದರಿಂದ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಚಾಸಿ ಸಂಖ್ಯೆಯನ್ನು ತೋರಿಸಿ ವಿಚಾರಿಸುವುದು ಲೇಸು. ದಿನನಿತ್ಯದ ಪರೀಕ್ಷೆಯಂತೂ ಸುಲಭ: ಮುಸ್ಸಂಜೆಯಲ್ಲಿ ವಾಹನದ ಹಿಂಬದಿಯನ್ನು ಗೋಡೆಗೆ ಮಾಡಿ ಪೆಡಲನ್ನು ಒತ್ತಿದಾಗ ಕೆಂಪು ಬೆಳಕು ಗೋಡೆಯ ಮೇಲೆ ಮೂಡಬೇಕು, ಕಾಲು ತೆಗೆದೊಡನೆ ಆರಬೇಕು.