ಅಂಡಮಾನ್ ಟ್ರಿಪ್ ಪ್ಲಾನ್ ಕೊನೆಯ ದಿನದಿಂದ ಶುರು ಮಾಡಿ

ಹೋದ ವಾರ ಕೇಳುಗರೊಬ್ಬರು ತಮ್ಮ ಅಂಡಮಾನ್ ಪ್ಲಾನ್ ಕಳಿಸಿ, ‘ಇದು ಸರಿ ಇದ್ಯಾ ನೋಡಿ’ ಅಂದ್ರು. ಡಿಸೆಂಬರ್ ತಿಂಗಳು, ನಾಲ್ಕು ಜನ ಫ್ರೆಂಡ್ಸ್, ಐದು ರಾತ್ರಿ. ಮೊದಲ ಎರಡು ರಾತ್ರಿ ಪೋರ್ಟ್ ಬ್ಲೇರ್, ಆಮೇಲೆ ಎರಡು ರಾತ್ರಿ ಹ್ಯಾವ್‌ಲಾಕ್, ಒಂದು ರಾತ್ರಿ ನೀಲ್. ಕೊನೆಯ ದಿನ ಬೆಳಗ್ಗೆ ನೀಲ್‌ನಿಂದ ಹಡಗು, ಮಧ್ಯಾಹ್ನ ಬೆಂಗಳೂರಿಗೆ ಫ್ಲೈಟ್.

ನೋಡೋಕೆ ಚೆನ್ನಾಗೇ ಇದೆ. ಆದ್ರೆ ಅಲ್ಲಿ ರೂಮ್ ಕೊಡೋರು, ಆಟೋ ಓಡಿಸೋರು ಮೊದಲು ಕೇಳೋದೇ ‘ವಾಪಸ್ ಫ್ಲೈಟ್ ಯಾವಾಗ?’ ಅಂತ. ಅದೇ ದಿನ ಬೆಳಗ್ಗೆ ಹಡಗು ಹತ್ತಬೇಕು ಅಂದ್ರೆ ತಲೆ ಅಲ್ಲಾಡಿಸ್ತಾರೆ. ಇವತ್ತಿನ ಎಪಿಸೋಡ್ ಆ ತಲೆ ಅಲ್ಲಾಡಿಸೋದರ ಬಗ್ಗೆ.

ಮೊದಲು ಹೆಸರುಗಳ ಗೊಂದಲ ಮುಗಿಸಿಬಿಡೋಣ. 2018ರಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ ಆಯ್ತು, ನೀಲ್ ಶಹೀದ್ ದ್ವೀಪ ಆಯ್ತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯ್ತು. ಟಿಕೆಟ್‌ನಲ್ಲಿ ಹೊಸ ಹೆಸರು, ಜನರ ಬಾಯಲ್ಲಿ ಹಳೇ ಹೆಸರು ಸಿಗಬಹುದು. ಎರಡೂ ಗೊತ್ತಿರಲಿ. ನಾನಿಲ್ಲಿ ಹಳೇ ಹೆಸರನ್ನೇ ಬಳಸ್ತೀನಿ.

ಈಗ ವಿಷಯಕ್ಕೆ ಬರೋಣ. ವಿಮಾನ ಇಳಿಯೋದು ಪೋರ್ಟ್ ಬ್ಲೇರ್‌ನಲ್ಲಿ. ಹ್ಯಾವ್‌ಲಾಕ್, ನೀಲ್‌ಗೆ ಸೇತುವೆ ಇಲ್ಲ, ಸಮುದ್ರದ ಮೇಲೇ ಹೋಗಬೇಕು. ಖಾಸಗಿ ವೇಗದ ಹಡಗಲ್ಲಿ ಹ್ಯಾವ್‌ಲಾಕ್‌ಗೆ ಒಂದೂವರೆಯಿಂದ ಎರಡು ಗಂಟೆ, ಸರ್ಕಾರಿ ಹಡಗಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಗಾಳಿ ಎದ್ದು ಅಲೆ ಜೋರಾದ್ರೆ ಹಡಗು ಹೊರಡಲ್ಲ. ಬಸ್ ತಪ್ಪಿದ್ರೆ ಟ್ಯಾಕ್ಸಿ ಮಾಡ್ಕೊಂಡು ಹೋಗೋ ಹಾಗೆ ಇಲ್ಲಿ ಬೇರೆ ದಾರಿ ಇಲ್ಲ.

‘ಅದೆಲ್ಲ ಮಳೆಗಾಲದ ಮಾತು, ನಾವು ಹೋಗೋದು ಸೀಸನ್‌ನಲ್ಲಿ’ ಅಂತೀರಾ? 2016ರ ಡಿಸೆಂಬರ್ ನೆನಪಿಸ್ಕೊಳ್ಳಿ. ಆಮೇಲೆ ‘ವರ್ದಾ’ ಚಂಡಮಾರುತ ಆಗಿ ಚೆನ್ನೈಗೆ ಬಡಿದ ವಾಯುಭಾರ ಕುಸಿತ ಮೊದಲು ಅಂಡಮಾನ್ ಪಕ್ಕದಲ್ಲೇ ಹಾದುಹೋಗಿತ್ತು. ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿ ಸುಮಾರು 1,400 ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಹಾಕ್ಕೊಂಡ್ರು. ಕರ್ಕೊಂಡು ಬರೋಕೆ ನೌಕಾಪಡೆಯ ಹಡಗುಗಳೇ ಹೋಗಬೇಕಾಯ್ತು. ಅದು ಅಪರೂಪದ ಘಟನೆ, ಒಪ್ತೀನಿ. ಆದ್ರೆ ನಿಮ್ಮ ಫ್ಲೈಟ್ ತಪ್ಪೋಕೆ ಚಂಡಮಾರುತವೇ ಬರಬೇಕಿಲ್ಲ. ಹಡಗು ನಾಲ್ಕು ಗಂಟೆ ತಡವಾದ್ರೂ ಸಾಕು.

ನಾನು ಬಿ.ಕಾಂ ಓದಿದವನು, ಹಾಗಾಗಿ ಲೆಕ್ಕದಲ್ಲೇ ಹೇಳ್ತೀನಿ. ಇಳಿದ ದಿನ ಫ್ಲೈಟ್ ತಡವಾಗಿ ಹಡಗು ತಪ್ಪಿದ್ರೆ ನಷ್ಟ ಒಂದು ಹಡಗಿನ ಟಿಕೆಟ್, ಹೆಚ್ಚಂದ್ರೆ ಹ್ಯಾವ್‌ಲಾಕ್‌ನ ಒಂದು ರಾತ್ರಿ ರೂಮ್. ಹೊರಡೋ ದಿನ ಹಡಗು ತಡವಾಗಿ ಫ್ಲೈಟ್ ತಪ್ಪಿದ್ರೆ ಸೀಸನ್ ರೇಟ್‌ನಲ್ಲಿ ಅವತ್ತೇ ನಾಲ್ಕು ಹೊಸ ಟಿಕೆಟ್ ತಗೋಬೇಕು. ಹಡಗಿನ ಟಿಕೆಟ್ ಬೇರೆ, ವಿಮಾನದ ಟಿಕೆಟ್ ಬೇರೆ ಬುಕ್ ಮಾಡಿರೋದ್ರಿಂದ ಒಂದು ತಡವಾಯ್ತು ಅಂತ ಇನ್ನೊಂದು ಕಂಪನಿ ಕಾಯಲ್ಲ, ದುಡ್ಡೂ ವಾಪಸ್ ಕೊಡಲ್ಲ. ಸಣ್ಣ ರಿಸ್ಕ್ ಶುರುವಿನಲ್ಲಿರಲಿ, ಕೊನೆಗೆ ರಿಸ್ಕೇ ಬೇಡ.

ಹಾಗಾಗಿ ಆ ಕೇಳುಗರಿಗೆ ನಾನು ಹೇಳಿದ್ದು ಒಂದೇ: ರಾತ್ರಿಗಳನ್ನ ಹೆಚ್ಚಿಸಬೇಡಿ, ಜಾಗ ಬದಲಿಸಿ. ಬೆಳಗಿನ ಫ್ಲೈಟ್‌ನಲ್ಲಿ ಇಳಿದ್ರೆ ಮಧ್ಯಾಹ್ನದ ಹಡಗಲ್ಲಿ ನೇರ ಹ್ಯಾವ್‌ಲಾಕ್‌ಗೆ ಹೋಗಿ. ಅಲ್ಲಿಂದ ನೀಲ್. ಕೊನೆಯ ಎರಡು ರಾತ್ರಿ ಪೋರ್ಟ್ ಬ್ಲೇರ್. ಸೆಲ್ಯುಲರ್ ಜೈಲು, ರಾಸ್ ದ್ವೀಪ, ಮ್ಯೂಸಿಯಂ ಎಲ್ಲ ಆಗ ನೋಡಿ. ಅದೇ ಐದು ರಾತ್ರಿ, ಹೆಚ್ಚುಕಮ್ಮಿ ಅದೇ ಖರ್ಚು. ಫ್ಲೈಟ್ ಇಳಿಯೋದೇ ಮಧ್ಯಾಹ್ನ ಆದ್ರೆ ಮೊದಲ ರಾತ್ರಿಯೊಂದನ್ನ ಪೋರ್ಟ್ ಬ್ಲೇರ್‌ನಲ್ಲಿ ಕಳೆಯಿರಿ, ಕೊನೆಯ ರಾತ್ರಿ ಮಾತ್ರ ಬಿಡಬೇಡಿ.

ಇದರಿಂದ ಇನ್ನೊಂದು ಲಾಭ ಇದೆ, ಇದು ದುಡ್ಡಿನದ್ದಲ್ಲ, ದೇಹದ್ದು. ಹ್ಯಾವ್‌ಲಾಕ್‌ಗೆ ಹೋದವರು ಸ್ಕೂಬಾ ಮಾಡದೆ ಬರೋದು ಕಮ್ಮಿ. ನೀರಿನಾಳದ ಒತ್ತಡದಲ್ಲಿ ಉಸಿರಾಡುವಾಗ ರಕ್ತ, ಅಂಗಾಂಶಗಳಲ್ಲಿ ಹೆಚ್ಚಿನ ನೈಟ್ರೋಜನ್ ಕರಗಿರತ್ತೆ. ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಅಷ್ಟರೊಳಗೆ ವಿಮಾನ ಹತ್ತಿದ್ರೆ ಕ್ಯಾಬಿನ್‌ನ ಕಮ್ಮಿ ಒತ್ತಡಕ್ಕೆ ಅದು ಗುಳ್ಳೆಗಳಾಗಬಹುದು, ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ. ಕೀಲುನೋವಿಂದ ಹಿಡಿದು ಪಾರ್ಶ್ವವಾಯುವಿನ ತನಕ ಹೋಗಬಹುದು. ಒಂದೇ ಡೈವ್ ಆದ್ರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದ್ರೆ 18 ಗಂಟೆ ಬಿಡಿ ಅಂತ ಡೈವಿಂಗ್ ಮಾರ್ಗಸೂಚಿ ಹೇಳತ್ತೆ. 24 ಗಂಟೆ ಬಿಟ್ರೆ ಇನ್ನೂ ಒಳ್ಳೇದು. ಡೈವಿಂಗ್ ಮೊದಲೇ ಮುಗಿಸಿ ಪೋರ್ಟ್ ಬ್ಲೇರ್‌ಗೆ ಬಂದ್ರೆ ಈ ಅಂತರ ತಾನಾಗೇ ಸಿಗತ್ತೆ.

ಇನ್ನು ಗಡಿಯಾರ. ಅಂಡಮಾನ್ ನಮಗಿಂತ ಪೂರ್ವಕ್ಕೆ ತುಂಬಾ ದೂರ, ಆದ್ರೆ ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಆರರ ಹೊತ್ತಿಗೆ ಸೂರ್ಯ ಮುಳುಗಿದ್ರೆ, ಅಲ್ಲಿ ಐದರ ಹೊತ್ತಿಗೇ ಮುಳುಗಿರ್ತಾನೆ. ‘ಊಟ ಮಾಡಿ ಸ್ವಲ್ಪ ಮಲಗಿ, ಐದಕ್ಕೆ ರಾಧಾನಗರ ಬೀಚ್’ ಅಂದ್ರೆ ಕತ್ತಲೆ ನೋಡ್ಕೊಂಡು ಬರ್ತೀರ. ಮೂರೂವರೆಗೇ ಅಲ್ಲಿರಿ. ಸೂರ್ಯೋದಯಕ್ಕೆ ಕಾಲಾ ಪತ್ಥರ್, ಅದು ದ್ವೀಪದ ಇನ್ನೊಂದು ಬದಿ.

ಸಮುದ್ರದ ಇಳಿತಕ್ಕೂ ಗಡಿಯಾರ ಬೇಕು. ನೀಲ್‌ನ ಲಕ್ಷ್ಮಣಪುರದ ಹತ್ತಿರದ ಕಲ್ಲಿನ ಕಮಾನನ್ನ ನೀರು ಇಳಿದಾಗಲೇ ನೋಡಬೇಕು. ಉಬ್ಬರ ಇಳಿತದ ಸಮಯ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗತ್ತೆ. ಹಾಗಾಗಿ ಹೋದ ತಿಂಗಳ ರೀಲ್ ನೋಡಿ ‘ಬೆಳಗ್ಗೆ ಎಂಟಕ್ಕೆ ಹೋಗೋಣ’ ಅನ್ನಬೇಡಿ. ರೂಮ್ ಕೊಟ್ಟವರನ್ನ ಹಿಂದಿನ ರಾತ್ರಿ ಕೇಳಿ, ಹೇಳ್ತಾರೆ.

ಅವರು ‘ಅಲ್ಲಿ ಇಳಿಯಬೇಡಿ’ ಅಂದ್ರೂ ಕೇಳಿ. ಉಪ್ಪುನೀರಿನ ಮೊಸಳೆ ಇರೋ ದ್ವೀಪಗಳು ಇವು. 2010ರಲ್ಲಿ ರಾಧಾನಗರ ಬೀಚ್ ಪಕ್ಕದಲ್ಲೇ ಸ್ನಾರ್ಕೆಲ್ ಮಾಡ್ತಿದ್ದ ಅಮೆರಿಕದ ಪ್ರವಾಸಿಯೊಬ್ಬರು ಮೊಸಳೆ ದಾಳಿಗೆ ಸತ್ತರು. ಬೋರ್ಡ್ ಹಾಕಿದ ಕಡೆ, ತೊರೆ ಬಂದು ಸಮುದ್ರ ಸೇರೋ ಕಡೆ, ಕತ್ತಲಾದ ಮೇಲೆ ನೀರಿಗೆ ಇಳಿಯಬೇಡಿ.

ರೇಟ್ ನೋಡಿ ಬಯ್ಯೋರಿಗೆ ಒಂದು ಮಾತು. ಅಲ್ಲಿಗೆ ಸಿಮೆಂಟ್, ಪೆಟ್ರೋಲ್, ಈರುಳ್ಳಿ ಎಲ್ಲ ಚೆನ್ನೈ, ಕೋಲ್ಕತ್ತಾ ಕಡೆಯಿಂದ ಹಡಗಲ್ಲಿ ಬರಬೇಕು, ಅಲ್ಲಿಂದ ಸಣ್ಣ ದ್ವೀಪಗಳಿಗೆ ಇನ್ನೊಂದು ಹಡಗು. ನಾವು ಕಮ್ಮಿ ರೇಟ್ ಅಂತ ಹುಡುಕೋ ಸರ್ಕಾರಿ ಹಡಗಲ್ಲೇ ಅಲ್ಲಿನವರು ಆಸ್ಪತ್ರೆಗೆ, ಕಾಲೇಜಿಗೆ ಓಡಾಡೋದು. ಸೀಟ್ ಕೊಡೋದರಲ್ಲಿ ಅವರಿಗೆ ಆದ್ಯತೆ ಇದ್ರೆ ಅದು ನ್ಯಾಯವೇ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ನೆಟ್‌ವರ್ಕ್ ಸುಧಾರಿಸಿದೆ, ಆದ್ರೂ ಯುಪಿಐ ಒಂದನ್ನೇ ನಂಬಬೇಡಿ, ಕ್ಯಾಶ್ ಇಟ್ಕೊಳ್ಳಿ. ಹವಳದ ಚೂರು ಬ್ಯಾಗಿಗೆ ಹಾಕಬೇಡಿ, ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಏರ್‌ಪೋರ್ಟ್ ಸ್ಕ್ಯಾನರ್‌ನಲ್ಲಿ ಸಿಕ್ಕಿಬೀಳ್ತೀರ.

ಕೊನೆಗೆ ಬಾರಾಟಾಂಗ್. ಸುಣ್ಣದಕಲ್ಲಿನ ಗುಹೆ ನೋಡೋಕೆ ಅಂತ ನಸುಕಲ್ಲೇ ಹೊರಡಿಸಿ ಕರ್ಕೊಂಡು ಹೋಗ್ತಾರೆ. ದಾರಿ ಜರಾವಾ ಜನರ ಮೀಸಲು ಕಾಡಿನ ಮಧ್ಯೆ ಹೋಗತ್ತೆ. ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಿಂದ ಗಾಡಿಗಳು ಸಾಲಾಗಿ, ಪೊಲೀಸ್ ಕಾವಲಲ್ಲಿ ಹೋಗಬೇಕು. ನಿಲ್ಲಿಸೋ ಹಾಗಿಲ್ಲ, ಫೋಟೊ ತೆಗೆಯೋ ಹಾಗಿಲ್ಲ, ತಿಂಡಿ ಕೊಡೋ ಹಾಗಿಲ್ಲ. ಫೋಟೊಗೆ ಮೂರು ವರ್ಷದ ತನಕ ಜೈಲು ಆಗಬಹುದು. ಕೆಲವು ಏಜೆಂಟರು ‘ಅದೃಷ್ಟ ಇದ್ರೆ ಜರಾವಾ ಕಾಣ್ತಾರೆ’ ಅಂತ ಬಂಡೀಪುರದ ಹುಲಿ ಲೆಕ್ಕದಲ್ಲಿ ಮಾರ್ತಾರೆ. 2011ರ ಜನಗಣತಿಯಲ್ಲಿ ಅವರಿದ್ದದ್ದು 380 ಜನ. ಹೊರಗಿನವರ ಜೊತೆ ಒಡನಾಟ ಶುರುವಾಗಿದ್ದು 1990ರ ದಶಕದ ಕೊನೆಯಲ್ಲಿ, 1999ರಲ್ಲೇ ಅವರಲ್ಲಿ ದಡಾರ ಹರಡಿತು. ನಮಗೆ ಸಾಮಾನ್ಯವಾದ ಕಾಯಿಲೆ ಅವರಿಗೆ ಸಾಮಾನ್ಯ ಅಲ್ಲ. ನಾನು ಬಾರಾಟಾಂಗ್‌ಗೆ ಹೋಗಿಲ್ಲ, ಹೋಗೋದೂ ಇಲ್ಲ. ಇದು ನನ್ನ ನಿರ್ಧಾರ, ನೀವು ಹೋದ್ರೆ ಆ ದಾರಿಯುದ್ದಕ್ಕೂ ಫೋನ್ ಬ್ಯಾಗಲ್ಲಿರಲಿ, ಗಾಜು ಮೇಲಿರಲಿ.

ಮುಂದಿನ ವಾರ ಲಕ್ಷದ್ವೀಪ. ಅಲ್ಲಿ ಟಿಕೆಟ್‌ಗಿಂತ ಮೊದಲು ಪರ್ಮಿಟ್ ಬೇಕು. ಆ ಬಗ್ಗೆ ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ.