ಒಂಬತ್ತು ಇರುಳಿನ ಛತ್ರ

ಪರಸ್ಥಳದಲ್ಲಿ ಹಬ್ಬದ ದಿನ ಒಬ್ಬಂಟಿಗನಾಗಿರುವುದು ಪ್ರವಾಸಿಯ ಕಷ್ಟಗಳಲ್ಲೆಲ್ಲ ದೊಡ್ಡದು. ಅಂಗಡಿಗಳು ಬೇಗ ಮುಚ್ಚುತ್ತವೆ. ಬಸ್ಸುಗಳು ಊರಿಗೆ ಹೊರಟವರಿಂದ ತುಂಬಿರುತ್ತವೆ. ಪ್ರತಿಯೊಂದು ಕಿಟಕಿಯಲ್ಲಿಯೂ ದೀಪ, ಪ್ರತಿಯೊಂದು ಬಾಗಿಲ ಹಿಂದೆಯೂ ನಗೆಯ ಸದ್ದು. ನೋಡಲು ಬಂದವನಿಗೆ ನೋಡುವುದಕ್ಕೆ ಬೇಕಾದಷ್ಟಿರುತ್ತದೆ. ಕುಳಿತುಕೊಳ್ಳುವುದಕ್ಕೆ ಮಾತ್ರ ಎಡೆಯಿರುವುದಿಲ್ಲ. ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳ ನಡುವೆ, ಮೆಕ್ಸಿಕೋ ದೇಶದ ದಕ್ಷಿಣದಲ್ಲಿರುವ ವಹಾಕ ಎಂಬ ಊರಿನಲ್ಲಿ ಬಸ್ಸಿನಿಂದ ಇಳಿದಾಗ ನಾನು ಇಂಥ ಒಂಟಿತನಕ್ಕೆ ಮನಸ್ಸನ್ನು ಸಿದ್ಧಮಾಡಿಕೊಂಡಿದ್ದೆ. ಆ ದೇಶದ ಕ್ರಿಸ್‌ಮಸ್ ಹಬ್ಬ ಆರಂಭವಾಗುವುದೇ ಎಡೆ ಸಿಕ್ಕದವರ ಕಥೆಯಿಂದ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ವಹಾಕ ಬೆಟ್ಟಗಳ ನಡುವಣ ಊರು. ಪಕ್ಕದ ಗುಡ್ಡದ ಮೇಲೆ ಮೋಂತೆ ಆಲ್ಬಾನ್ ಎಂಬ, ಸಪೋತೆಕ್ ಜನರ ಪ್ರಾಚೀನ ರಾಜಧಾನಿ ಪಾಳಾಗಿ ಮಲಗಿದೆ. ಕೆಳಗೆ ಸ್ಪೇನಿನವರು ಹಸಿರು ಛಾಯೆಯ ಕಲ್ಲಿನಲ್ಲಿ ಕಟ್ಟಿದ ಇಗರ್ಜಿಗಳಿವೆ. ನಾನು ಹೋದಾಗ ಊರ ನಡುವಣ ಚೌಕದ ತುಂಬ ಕೆಂಪೆಲೆಯ ಗಿಡಗಳನ್ನು ಸಾಲಾಗಿ ಇಟ್ಟಿದ್ದರು. ಬೆಂಗಳೂರಿನ ತೋಟಗಳಲ್ಲಿ ಪಾಯಿನ್‌ಸೆಟಿಯಾ ಎಂದು ನಾವು ಬೆಳೆಸುವ ಗಿಡದ ತವರು ಈ ದೇಶವೇ. 1825ರಿಂದ 1829ರವರೆಗೆ ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಪಾಯಿನ್ಸೆಟ್ ಎಂಬಾತ ಅದನ್ನು ತನ್ನ ನಾಡಿಗೆ ಕಳುಹಿಸಿದ. ಹೊರಜಗತ್ತಿನಲ್ಲಿ ಗಿಡಕ್ಕೆ ಅವನ ಹೆಸರೇ ಉಳಿಯಿತು. ಅಲ್ಲಿಯವರು ಮಾತ್ರ ಅದನ್ನು ‘ನೋಚೆಬ್ವೇನ’ ಎನ್ನುತ್ತಾರೆ. ಒಳ್ಳೆಯ ಇರುಳು ಎಂದು ಅದರ ಅರ್ಥ. ಕ್ರಿಸ್ತ ಹುಟ್ಟಿದ ಇರುಳಿಗೂ ಅದೇ ಹೆಸರು.

ನಾನು ಬಿಡಾರ ಮಾಡಿದ್ದು ಒಬ್ಬ ನಿವೃತ್ತ ಉಪಾಧ್ಯಾಯಿನಿಯ ಮನೆಯಲ್ಲಿ. ನಾನೂ ಮೇಷ್ಟರೆಂದು ತಿಳಿದ ಮೇಲೆ ಆಕೆ ನನ್ನನ್ನು ‘ಮಾಎಸ್ತ್ರೊ’ ಎಂದೇ ಕರೆಯತೊಡಗಿದರು. ನಡುಮನೆಯಲ್ಲಿ ‘ನಸಿಮಿಯೆಂತೊ’, ಎಂದರೆ ಕ್ರಿಸ್ತಜನನದ ಗೊಂಬೆಗಳು. ನಮ್ಮ ದಸರೆಯ ಗೊಂಬೆಗಳನ್ನು ಕಂಡವನಿಗೆ ಅದರ ಹುರುಪು ಹೊಸದಲ್ಲ. ಪಾಚಿಯ ಹಾಸು, ಕನ್ನಡಿಯ ಕೊಳ, ಮಣ್ಣಿನ ಕುರುಬರು, ಕುರಿಗಳು. ಒಂದು ಮೂಲೆಯಲ್ಲಿ ಜೋಳದ ರೊಟ್ಟಿ ತಟ್ಟುವ ಮೆಕ್ಸಿಕೋದ ಹೆಂಗಸು. ಬಂಡೆಯ ಮರೆಯಲ್ಲಿ ಇಣುಕುವ ಒಂದು ಪುಟ್ಟ ಸೈತಾನ. ಎಲ್ಲವೂ ಇದ್ದಿತು, ನಡುವಣ ಗೋದಲಿ ಮಾತ್ರ ಬರಿದಾಗಿದ್ದಿತು. “ಮಗು ಬರುವುದು ಇಪ್ಪತ್ತನಾಲ್ಕರ ನಡುರಾತ್ರಿಗೆ. ಅಲ್ಲಿಯವರೆಗೆ ತಾಯಿತಂದೆ ದಾರಿಯಲ್ಲಿರುತ್ತಾರೆ” ಎಂದರು ಮನೆಯೊಡತಿ, ನೆಂಟರ ವಿಷಯ ಹೇಳುವಂತೆ. “ನಾಳೆ ಸಂಜೆ ನಮ್ಮ ಬೀದಿಗೆ ಬರುತ್ತಾರೆ. ನೀವೂ ಇರಬೇಕು.”

ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ಇರುಳು ನಡೆಯುವ ಈ ಆಚರಣೆಗೆ ‘ಪೊಸಾದ’ ಎಂದು ಹೆಸರು. ಪೊಸಾದ ಎಂದರೆ ಛತ್ರ. ಮರಿಯಳು ಮಗುವನ್ನು ಹೊತ್ತ ಒಂಬತ್ತು ತಿಂಗಳಿಗೆ ಒಂಬತ್ತು ಇರುಳು ಎನ್ನುವರು. ಬೈಬಲಿನಲ್ಲಿ ಲೂಕನ ಸುವಾರ್ತೆ ಈ ಪ್ರಸಂಗವನ್ನು ಒಂದೇ ಮಾತಿನಲ್ಲಿ ಮುಗಿಸುತ್ತದೆ: ಛತ್ರದಲ್ಲಿ ಸ್ಥಳವಿಲ್ಲದ ಕಾರಣ ತಾಯಿ ಮಗುವನ್ನು ಗೋದಲಿಯಲ್ಲಿ ಮಲಗಿಸಿದಳು, ಅಷ್ಟೆ. ಬಾಗಿಲು ತಟ್ಟಿದವರು ಏನೆಂದರು, ಒಳಗಿನವರು ಏನು ಉತ್ತರ ಕೊಟ್ಟರು ಎಂಬುದು ಅಲ್ಲಿ ಇಲ್ಲ. ಆ ತೆರಪನ್ನು ಜನ ತುಂಬಿಕೊಂಡಿದ್ದಾರೆ.

ಇದರ ಬೇರನ್ನು ನಾನು ದಾರಿಯಲ್ಲಿ, ಅರಿಯದೆಯೇ ಕಂಡು ಬಂದಿದ್ದೆ. ಮೆಕ್ಸಿಕೋ ನಗರದ ಈಶಾನ್ಯಕ್ಕೆ, ತೆಯೊತಿಹುವಾಕಾನ್ ಪಿರಮಿಡ್ಡುಗಳಿಗೆ ಹೋಗುವ ದಾರಿಯಲ್ಲಿ, ಅಕೋಲ್ಮನ್ ಎಂಬ ಊರಿದೆ. ಅಲ್ಲಿ ಅಗಸ್ಟೀನ್ ಪಂಥದ ಸಂನ್ಯಾಸಿಗಳು ಹದಿನಾರನೆಯ ಶತಮಾನದಲ್ಲಿ ಕೋಟೆಯಂಥ ಒಂದು ಮಠವನ್ನು ಕಟ್ಟಿದರು. ಕೆತ್ತನೆಯ ಮುಂಬಾಗಿಲಿನ ಮೇಲೆ 1560 ಎಂಬ ವರ್ಷ ಕಾಣುತ್ತದೆ. ಆ ಮಠದ ಹಿರಿಯ ದಿಯೇಗೊ ದೆ ಸೋರಿಯ ಎಂಬಾತ 1580ರ ದಶಕದಲ್ಲಿ, ಐದನೆಯ ಸಿಕ್ಸ್ಟಸ್ ಪೋಪನಿಂದ, ಕ್ರಿಸ್‌ಮಸ್ಸಿಗೆ ಮುಂಚಿನ ಒಂಬತ್ತು ದಿನ ಬಯಲಿನಲ್ಲಿ ಪೂಜೆ ನಡೆಸಲು ಅಪ್ಪಣೆ ಪಡೆದನು. ಏಕೆ ಬಯಲು, ಏಕೆ ಆ ದಿನಗಳು? ಸ್ಪೇನಿನವರು 1521ರಲ್ಲಿ ಗೆದ್ದುಕೊಂಡ ಅಸ್ತೆಕ್ ಜನ, ಸೂರ್ಯನಿಗೂ ಯುದ್ಧಕ್ಕೂ ಒಡೆಯನಾದ ಹುಯಿತ್ಸಿಲೊಪೊಚ್ತ್ಲಿಯ ಹಬ್ಬವನ್ನು ಹಗಲು ಕಿರಿದಾಗುವ ಈ ಕಾಲದಲ್ಲಿಯೇ, ಬಯಲಿನಲ್ಲಿ, ಬಾವುಟಗಳನ್ನೆತ್ತಿ ಆಚರಿಸುತ್ತಿದ್ದರು. ಕಾಳಿನ ಹಿಟ್ಟಿನಲ್ಲಿ ದೇವರ ಮೂರ್ತಿಯನ್ನು ಮಾಡಿ ಹಂಚಿ ತಿನ್ನುತ್ತಿದ್ದರು. ಗೆದ್ದವರು ಗುಡಿಯನ್ನು ಕೆಡವಿದರು. ಕಾಲವನ್ನು ಕೆಡವಲು ಯಾರಿಗೆ ಸಾಧ್ಯ? ಹಳೆಯ ಹಬ್ಬದ ಜಾಗದಲ್ಲಿ ಹೊಸ ಹಬ್ಬ ಬಂದು ಕುಳಿತಿತು. ಮೊದಲು ಮಠದ ಅಂಗಳದಲ್ಲಿದ್ದ ಆಚರಣೆ ಕ್ರಮೇಣ ಬೀದಿಗೂ ಮನೆಯಂಗಳಕ್ಕೂ ಇಳಿದು ಜನರದಾಯಿತು.

ಹದಿನಾರರ ಸಂಜೆ ಕತ್ತಲಾಗುತ್ತಿದ್ದಂತೆ ಬೀದಿಯವರೆಲ್ಲ ಸೇರಿದರು. ನಾಲ್ವರು ಮಕ್ಕಳು ಒಂದು ಹಲಗೆಯನ್ನು ಹೆಗಲ ಮೇಲೆ ಹೊತ್ತಿದ್ದರು. ಅದರ ಮೇಲೆ ಕತ್ತೆಯ ಬೆನ್ನೇರಿದ ಮರಿಯ, ಕೋಲು ಹಿಡಿದ ಯೋಸೇಫ. ಗೇಣುದ್ದದ ಮಣ್ಣಿನ ಗೊಂಬೆಗಳು. ಹಿಂದೆ ಮೇಣದ ಬತ್ತಿ ಹಿಡಿದ ಹೆಂಗಸರು. ಅವರ ಹಿಂದೆ ಗಿಟಾರಿನ ಮುದುಕ. ಮನೆಯೊಂದರ ಮುಂದೆ ಬಂದೊಡನೆ ಗುಂಪು ಎರಡಾಯಿತು. ಅರ್ಧ ಜನ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅರ್ಧ ಜನ ಗೊಂಬೆಗಳೊಡನೆ ಚಳಿಯಲ್ಲಿ ಉಳಿದರು. ಅತಿಥಿಗೆ ಚಳಿಯಾಗಬಾರದೆಂದು ನನ್ನನ್ನು ಒಳಗಿನವರ ಜೊತೆ ಸೇರಿಸಿ, ಕೈಗೆ ಹಾಡಿನ ಚೀಟಿಯನ್ನು ಕೊಟ್ಟರು.

ಹಾಡು ಹೊರಗಿನಿಂದ ಮೊದಲಾಗುತ್ತದೆ. ಹೆಂಡತಿ ಬಳಲಿದ್ದಾಳೆ, ತಂಗಲು ಜಾಗ ಬೇಕು ಎಂದು ಯೋಸೇಫನ ಪರವಾಗಿ ಹೊರಗಿನವರು ಬೇಡುತ್ತಾರೆ. ಒಳಗಿನವರು ಅದೇ ಧಾಟಿಯಲ್ಲಿ ಇಲ್ಲವೆನ್ನುತ್ತಾರೆ. ಬಂದವನು ಕಳ್ಳನೋ ಸುಳ್ಳನೋ ಎಂಬ ಸಂದೇಹ. ತೊಲಗದಿದ್ದರೆ ಹೊಡೆತದ ಬೆದರಿಕೆ. ನಿದ್ದೆ ಕೆಡಿಸಿದನೆಂಬ ಮುನಿಸು. ತಾನು ಬಡಗಿಯೆಂದು ಆತ ಹೇಳಿದರೆ, ನಿನ್ನ ಹೆಸರು ಕಸುಬು ನಮಗೇಕೆ ಎಂಬ ಧೋರಣೆ. ಹೀಗೆ ಸರದಿಯ ಮೇಲೆ ಸವಾಲು ಜವಾಬು ನಡೆದು, ಕೊನೆಗೆ ಬಂದವಳು ಯಾರೆಂದು ತಿಳಿದು, ಬಾಗಿಲು ತೆರೆಯುತ್ತದೆ. ಆಮೇಲೆ ರಾಗವೇ ಬದಲಾಗಿ ಎಲ್ಲರೂ ಒಟ್ಟಾಗಿ ಸ್ವಾಗತವನ್ನು ಹಾಡುತ್ತಾರೆ. ಮಕ್ಕಳಿಗೆ ಇದು ಆಟ. ಒಳಗಿದ್ದ ಹುಡುಗನೊಬ್ಬ ಬೆದರಿಕೆಯ ಸಾಲು ಬಂದಾಗ ನಿಜವಾಗಿಯೇ ಪೊರಕೆಯನ್ನು ಝಳಪಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಚೀಟಿಯ ಮೇಲಿನ ಸಾಲುಗಳನ್ನು ತೊದಲುತ್ತ ಓದುತ್ತಿದ್ದವನಿಗೆ, ಮನೆಯೊಡತಿಯ ಮೊಮ್ಮಗಳು ಕಿವಿಯಲ್ಲಿ ಅವುಗಳ ಅರ್ಥವನ್ನು ಹೇಳುತ್ತಿದ್ದಂತೆ, ದನಿ ಗಂಟಲಿನಲ್ಲಿ ನಿಂತಿತು. ಈ ಮಾತುಗಳನ್ನು ನಾನು ಹಿಂದೆ ಒಮ್ಮೆ ಆಡಿದ್ದೆ, ಹಾಡಿನಲ್ಲಲ್ಲ.

ನಮ್ಮ ಹಳೆಯ ಮನೆಗೆ ಬೀದಿಯ ಕಡೆ ಜಗಲಿಯಿದ್ದಿತು. ಅಜ್ಜನ ಕಾಲದಲ್ಲಿ ಅಲ್ಲಿ ಯಾರು ಯಾರು ಮಲಗಿ ಎದ್ದು ಹೋದರೆಂಬ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ಮನೆಯನ್ನು ರಿಪೇರಿ ಮಾಡಿಸಿದಾಗ ಜಗಲಿಗೆ ಕಬ್ಬಿಣದ ಕಂಬಿ ಹಾಕಿಸಿ ಬೀಗ ಜಡಿದವನು ನಾನು. ಒಂದು ಮಳೆಯ ರಾತ್ರಿ, ರಸ್ತೆಯ ಕೆಲಸಕ್ಕೆ ಬಂದಿದ್ದ ಕೂಲಿಯವನೊಬ್ಬ, ಹೆಂಡತಿ ಮತ್ತು ಎಳೆಯ ಮಗುವಿನೊಡನೆ, ಕಂಬಿಯ ಆಚೆ ನಿಂತು ಬೆಳಗಿನವರೆಗೆ ಜಗಲಿಯ ಮೇಲೆ ಇರಲೇ ಎಂದು ಕೇಳಿದ. ಬೀಗದ ಕೈ ಒಳಗಿನ ಕೋಣೆಯ ಬೀರುವಿನಲ್ಲಿ ಇದ್ದಿತು. “ಮುಂದೆ ದೇವಸ್ಥಾನ ಇದೆ, ಹೋಗಪ್ಪ” ಎಂದೆ. ಆತ ಒಂದು ಮಾತನ್ನೂ ಆಡದೆ ಹೊರಟುಹೋದ. ದೇವಸ್ಥಾನದ ಪೌಳಿಗೂ ರಾತ್ರಿ ಬೀಗವೆಂಬುದು ನನಗೆ ಗೊತ್ತಿದ್ದಿತು. ಅದನ್ನು ನಾನು ಮರೆತಿದ್ದೆನೆಂದು ತಿಳಿದಿದ್ದೆ. ಮರೆತಿರಲಿಲ್ಲ.

ಬಾಗಿಲು ತೆರೆದ ಮೇಲೆ ಅಂಗಳದಲ್ಲಿ ಸಂಭ್ರಮ. ದೊಡ್ಡ ಹಂಡೆಯಲ್ಲಿ ‘ಪೊಂಚೆ’ ಎಂಬ ಬಿಸಿ ಹಣ್ಣಿನ ಕಷಾಯ ಕುದಿಯುತ್ತಿದ್ದಿತು. ತೆಹೊಕೋತೆ ಎಂಬ ಆ ನಾಡಿನ ಹಳದಿ ಹಣ್ಣು, ಸೀಬೆ, ಕಬ್ಬಿನ ತುಂಡು, ದಾಲ್ಚಿನ್ನಿ, ಮೇಲೆ ಹುಣಿಸೆಹಣ್ಣು! ಹುಣಿಸೆಗೆ ಅವರ ಭಾಷೆಯಲ್ಲಿ ‘ತಮರಿಂದೊ’ ಎಂದು ಹೆಸರು. ‘ಹಿಂದ್ ದೇಶದ ಖರ್ಜೂರ’ ಎಂಬ ಅರಬ್ಬೀ ಮಾತಿನಿಂದ ಬಂದದ್ದು. ನಮ್ಮ ಅಡಿಗೆಮನೆಯನ್ನು ಆಳುತ್ತಿರುವ ಮೆಣಸಿನಕಾಯಿ ಮತ್ತು ಟೊಮೆಟೊ ಆ ಕಡೆಯಿಂದ ಬಂದವು. ಸೀಬೆಯೂ ಆ ಖಂಡದ್ದೇ. ನಮ್ಮ ಕಡೆಯ ಹುಣಿಸೆ ಅವರ ಹಬ್ಬದ ಹಂಡೆಯಲ್ಲಿ ತೇಲುತ್ತಿದೆ. ಹಣ್ಣುಕಾಯಿಗಳಿಗೆ ಯಾವ ಮನೆಯವರೂ ನೀನು ಯಾರೆಂದು ಕೇಳಿದಂತಿಲ್ಲ.

ಆಮೇಲೆ ‘ಪಿನ್ಯಾತ’. ಬಣ್ಣದ ಕಾಗದ ಅಂಟಿಸಿ ಏಳು ಮೊನೆಗಳ ನಕ್ಷತ್ರದಂತೆ ಮಾಡಿದ ಮಣ್ಣಿನ ಮಡಕೆಯನ್ನು ಹಗ್ಗದಲ್ಲಿ ತೂಗುಬಿಟ್ಟಿರುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿದ ಮಗು ಕೋಲಿನಿಂದ ಅದನ್ನು ಒಡೆಯಬೇಕು. ಹಗ್ಗ ಹಿಡಿದವನು ಮಡಕೆಯನ್ನು ಮೇಲೆ ಕೆಳಗೆ ಆಡಿಸಿ ತಪ್ಪಿಸುತ್ತಾನೆ. ನಮ್ಮ ಗೋಕುಲಾಷ್ಟಮಿಯ ಮೊಸರು ಕುಡಿಕೆ ನೆನಪಾಗದಿರಲು ಸಾಧ್ಯವಿಲ್ಲ. ಇದಕ್ಕೆ ಪಾದ್ರಿಗಳು ಹೇಳುವ ಅರ್ಥ ಬೇರೆ: ಏಳು ಮೊನೆಗಳು ಏಳು ಮಹಾಪಾಪಗಳು, ಕಣ್ಣಿನ ಬಟ್ಟೆ ಕುರುಡು ನಂಬಿಕೆ, ಕೋಲು ಸದ್ಗುಣದ ಬಲ, ಸುರಿಯುವ ಹಣ್ಣುಗಳು ದೈವಕೃಪೆ. ಮಡಕೆ ಒಡೆದು ಕಡಲೆಕಾಯಿ, ಕಿತ್ತಳೆ, ಕಬ್ಬಿನ ತುಂಡುಗಳು ಸುರಿದಾಗ ಅವುಗಳ ಮೇಲೆ ಬಿದ್ದ ಮಕ್ಕಳಲ್ಲಿ ಯಾರಿಗೂ ಏಳು ಪಾಪಗಳ ಹೆಸರು ಬರುತ್ತಿದ್ದಂತೆ ಕಾಣಲಿಲ್ಲ.

ಮುಂದಿನ ಇರುಳುಗಳಲ್ಲಿ ಬೇರೆ ಬೇರೆ ಮನೆಗಳು. ಒಂದು ದಿನ ಹೊರಗೆ ನಿಂತವರು ಮರುದಿನ ಒಳಗೆ. ಇಂದು ಬೇಡಿದ ಬಾಯಿ ನಾಳೆ ಗದರುತ್ತದೆ. ಇದಕ್ಕೆ ಏನಾದರೂ ಗೂಢಾರ್ಥವಿದೆಯೆ ಎಂದು ಮನೆಯೊಡತಿಯನ್ನು ಕೇಳಿದೆ. ಆಕೆ ನಕ್ಕರು: “ಒಳಗೆ ಬೆಚ್ಚಗಿರುತ್ತದೆ, ಮಾಎಸ್ತ್ರೊ. ದಿನವೂ ಒಬ್ಬರೇ ಒಳಗಿದ್ದರೆ ಮಿಕ್ಕವರು ಬಿಡುತ್ತಾರೆಯೆ?”

ಇಪ್ಪತ್ತಮೂರರಂದು ವಹಾಕದ ಚೌಕದಲ್ಲಿ ಮೂಲಂಗಿಯ ಇರುಳು. 1897ರಿಂದ ಸ್ಪರ್ಧೆಯಾಗಿ ನಡೆದುಬಂದಿರುವ ಈ ವಿನೋದದಲ್ಲಿ, ಇದಕ್ಕಾಗಿಯೇ ಬೆಳೆಸಿದ ಭಾರಿ ಕೆಂಪು ಮೂಲಂಗಿಗಳನ್ನು ಕೆತ್ತಿ ಕ್ರಿಸ್ತಜನನ, ಮದುವೆ ಮೆರವಣಿಗೆ, ಇಗರ್ಜಿಯ ಗೋಪುರ ಎಲ್ಲವನ್ನೂ ನಿರ್ಮಿಸುತ್ತಾರೆ. ಒಣಗದಂತೆ ಪದೇ ಪದೇ ನೀರು ಚಿಮುಕಿಸುತ್ತಿರಬೇಕು. ಹಳೇಬೀಡಿನ ಕಲ್ಲನ್ನು ಕಂಡ ನಾಡಿನವನು ನಾನು. ಕೆಲವೇ ಗಂಟೆಗಳಲ್ಲಿ ಬಾಡುವ ಶಿಲ್ಪಕ್ಕೆ ಇಷ್ಟು ಶ್ರದ್ಧೆಯೆ ಎಂದು ಬೆರಗಾಯಿತು. ಅಲ್ಲಿಯೇ ಬೀದಿಯ ಬದಿಯಲ್ಲಿ ‘ಬುನ್ಯುಎಲೊ’ ಎಂಬ, ಪಾಕ ಹೊಯ್ದ ಕರಿದ ತಿಂಡಿಯನ್ನು ಮಣ್ಣಿನ ತಟ್ಟೆಯಲ್ಲಿ ಕೊಡುತ್ತಾರೆ. ತಿಂದ ಮೇಲೆ ತಟ್ಟೆಯನ್ನು ನೆಲಕ್ಕೆ ಅಪ್ಪಳಿಸಿ ಒಡೆದರೆ ಶುಭವಂತೆ. ಜೀವನದಲ್ಲಿ ಮೊದಲ ಬಾರಿಗೆ, ಬೈಸಿಕೊಳ್ಳದೆ ಒಂದು ತಟ್ಟೆಯನ್ನು ಒಡೆದೆ.

ಇಪ್ಪತ್ತನಾಲ್ಕರ ರಾತ್ರಿ, ಕೊನೆಯ ಪೊಸಾದ, ನಮ್ಮ ಮನೆಯೊಡತಿಯದೇ. ಅಂದು ನಾನು ಹೊರಗೆ ನಿಂತೆ. ನನ್ನ ಪಕ್ಕದಲ್ಲಿ ಬತ್ತಿ ಹಿಡಿದಿದ್ದ ಹೆಂಗಸಿನ ಇಬ್ಬರು ಗಂಡುಮಕ್ಕಳು ಕ್ಯಾಲಿಫೋರ್ನಿಯದಲ್ಲಿ ಹಣ್ಣು ಕೀಳುವ ಕೆಲಸದಲ್ಲಿದ್ದಾರೆಂದು ಮೊಮ್ಮಗಳು ತಿಳಿಸಿದಳು. ಕಾಗದಪತ್ರವಿಲ್ಲದೆ ಹೋದವರು, ಬಂದರೆ ಮತ್ತೆ ಹೋಗಲಾಗದೆಂದು ಹಬ್ಬಕ್ಕೂ ಬಾರದವರು. ವಹಾಕದಿಂದ ಹೀಗೆ ಉತ್ತರಕ್ಕೆ ಹೋದವರು ಬಹಳ. ಅದೇ ವಹಾಕದ ರಸ್ತೆಗಳಲ್ಲಿ ಗ್ವಾಟೆಮಾಲ, ಹೊಂಡುರಾಸ್ ಮೊದಲಾದ ದೇಶಗಳ ಬಡವರು ಉತ್ತರದತ್ತ ನಡೆದುಹೋಗುವುದೂ ಉಂಟು. ಅವರಿಗೆ ಅನ್ನವಿಡುವವರೂ ಇದ್ದಾರೆ, ಬಾಗಿಲು ಹಾಕಿಕೊಳ್ಳುವವರೂ ಇದ್ದಾರೆ. ಮೆಕ್ಸಿಕೋ ಏಕಕಾಲದಲ್ಲಿ ಬಾಗಿಲ ಹೊರಗೂ ಒಳಗೂ ನಿಂತಿರುವ ದೇಶ. ಪಶ್ಚಿಮದ ಕಡಲಂಚಿನಲ್ಲಿ, ತಿಹುವಾನ ಮತ್ತು ಸಾನ್ ದಿಯೇಗೊ ನಗರಗಳ ನಡುವಣ ಗಡಿಬೇಲಿಯ ಎರಡು ಬದಿಗಳಲ್ಲಿಯೂ ಜನ ನಿಂತು ಇದೇ ಪೊಸಾದವನ್ನು ಹಾಡುವ ಪದ್ಧತಿ 1990ರ ದಶಕದಿಂದ ಬೆಳೆದುಬಂದಿದೆ. ಅಲ್ಲಿ ಹಾಡು ಮುಗಿದ ಮೇಲೂ ಬಾಗಿಲು ತೆರೆಯುವುದಿಲ್ಲ.

ಆ ತಾಯಿ ಮಾತ್ರ ಗಟ್ಟಿದನಿಯಲ್ಲಿ ಹಾಡಿದಳು. ಒಳಗಿನಿಂದ ನಿರಾಕರಣೆ ಬರುತ್ತಿದ್ದಿತು. ಆಟವೆಂದು ಬಲ್ಲೆ, ಒಳಗೆ ಎಲೆಯಲ್ಲಿ ಸುತ್ತಿ ಬೇಯಿಸಿದ ‘ತಮಾಲೆ’ಗಳು ನನಗಾಗಿ ಕಾದಿವೆಯೆಂದೂ ಬಲ್ಲೆ. ಆದರೂ ಮುಚ್ಚಿದ ಬಾಗಿಲಿನ ಎದುರು, ಪರಭಾಷೆಯಲ್ಲಿ, ಚಳಿಯಲ್ಲಿ ನಿಂತು ಕೇಳುವಾಗ ‘ಇಲ್ಲ’ ಎಂಬ ಮಾತಿನ ತೂಕವೇ ಬೇರೆ. ಮಳೆಯ ಆ ರಾತ್ರಿಯಲ್ಲಿ ಕೂಲಿಯವನು ಏಕೆ ಮರುಮಾತಾಡದೆ ಹೋದನೆಂಬುದು ಆಗ ಅರ್ಥವಾಯಿತು. ಅವನು ಅದನ್ನು ಮೊದಲ ಬಾರಿಗೆ ಕೇಳಿದವನಲ್ಲ.

ನಡುರಾತ್ರಿ ‘ಕೋಳಿಯ ಪೂಜೆ’ ಎಂದು ಕರೆಯುವ ಆರಾಧನೆಯನ್ನು ಮುಗಿಸಿ ಬಂದು, ಮನೆಯೊಡತಿ ಒಂದು ಪುಟ್ಟ ಮಗುವಿನ ಗೊಂಬೆಯನ್ನು ವಸ್ತ್ರದಲ್ಲಿಟ್ಟರು. ವಸ್ತ್ರದ ತುದಿಗಳನ್ನು ಹಿಡಿದು ಎಲ್ಲರೂ ಅದನ್ನು ತೂಗಿ ಲಾಲಿ ಹಾಡಿದರು, ಒಬ್ಬೊಬ್ಬರಾಗಿ ಮುತ್ತಿಟ್ಟರು, ಆಮೇಲೆ ಬರಿದಾಗಿದ್ದ ಗೋದಲಿಯಲ್ಲಿ ಮಲಗಿಸಿದರು. ಫೆಬ್ರವರಿ 2ರವರೆಗೆ ಮಗು ಅಲ್ಲಿಯೇ ಇರುತ್ತದೆ. ಆ ದಿನ ಹೊಸ ಬಟ್ಟೆ ತೊಡಿಸಿ ಇಗರ್ಜಿಗೆ ಎತ್ತಿಕೊಂಡು ಹೋಗುತ್ತಾರೆ. ತೊಟ್ಟಿಲಲ್ಲಿ ಕೃಷ್ಣನನ್ನು ತೂಗಿದ ಮನೆಯಿಂದ ಬಂದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಊರಿಗೆ ಮರಳಿ ಜಗಲಿಯ ಕಂಬಿಯನ್ನು ತೆಗೆಸಿದೆನೆಂದು ಬರೆದರೆ ಈ ಲೇಖನ ಚೆನ್ನಾಗಿ ಮುಗಿಯುತ್ತಿದ್ದಿತು. ತೆಗೆಸಿಲ್ಲ, ಕಳ್ಳರ ಭಯ ನನಗೂ ಇದೆ, ನನ್ನ ನೆರೆಯವರಿಗೂ ಇದೆ. ಬೀಗದ ಕೈಯನ್ನು ಮಾತ್ರ ಬೀರುವಿನಿಂದ ತೆಗೆದು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದೇನೆ. ಕೈಚಾಚಿದರೆ ಸಿಕ್ಕುತ್ತದೆ. ಇದುವರೆಗೆ ಯಾರೂ ಬಂದು ಕೇಳಿಲ್ಲ.