ಜ್ವರ ಹುಡುಕಿಕೊಂಡು ಹೋಗುವ ಮೀನು

‘ತೊಟ್ಟಿಯ ಕೋಯಿ ಮೀನುಗಳು ನೀರು ಬೀಳುವ ಕೊಳವೆಯ ಕೆಳಗೇ ಗುಂಪುಗೂಡಿ ಬಾಯಿ ಬಡಿಯುತ್ತಿವೆ, ಕಣ್ಣು ಒಳಕ್ಕೆ ಹೋಗಿವೆ. ಯಾವ ಔಷಧ ಹಾಕಲಿ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಔಷಧದ ಮಾತು ಆಮೇಲೆ, ಮೊದಲು ಕಿವಿರು ನೋಡಿ. ಒದ್ದೆ ಕೈಯಲ್ಲಿ ಮೀನು ಹಿಡಿದು ಮುಚ್ಚಳ ಮೆಲ್ಲಗೆ ಎತ್ತಿದರೆ ಒಳಗೆ ದಾಸವಾಳದ ಕೆಂಪು ಕಾಣಬೇಕು. ಸುಣ್ಣ ಮೆತ್ತಿದಂಥ ಬಿಳಿ ಕಲೆಗಳಿದ್ದು, ಲೋಳೆ ಹೋದ ಮೈ ಉಪ್ಪುಕಾಗದದಂತೆ ತರಿತರಿಯಾಗಿದ್ದರೆ ಕೋಯಿ ಹರ್ಪಿಸ್ ವೈರಸ್ಸಿನ ಅನುಮಾನ. ಖಚಿತವಾಗುವುದು ಪಿಸಿಆರ್ ಪರೀಕ್ಷೆಯಿಂದಲೇ. ಏಕೆಂದರೆ ಕೋಯಿಗಳಿಗೆ ಬರುವ ಇನ್ನೊಂದು ಕಾಯಿಲೆಯಾದ ‘ನಿದ್ದೆ ರೋಗ’ದ ವೈರಸ್ಸೂ ಕಿವಿರು ಕೆಡಿಸುತ್ತದೆ.

ಸಾಮಾನ್ಯ ಗೆಂಡೆಯನ್ನೂ ಅದರ ಅಲಂಕಾರಿಕ ತಳಿ ಕೋಯಿಯನ್ನೂ ಕೊಲ್ಲುವ ಹರ್ಪಿಸ್ ರೋಗ 1998ರಲ್ಲಿ ಇಸ್ರೇಲಿನ ಕೊಳಗಳಲ್ಲಿ ಕಾಣಿಸಿತು. 2003ರಲ್ಲಿ ಜಪಾನಿನ ಕಸುಮಿಗೌರಾ ಸರೋವರದಲ್ಲಿ ಸಾವಿರ ಟನ್ನಿಗೂ ಹೆಚ್ಚು ಗೆಂಡೆ ಸತ್ತವು. ಈ ವೈರಸ್ಸಿಗೆ ಹಿತವಾದ ನೀರು ಸುಮಾರು 17ರಿಂದ 28 ಡಿಗ್ರಿ. ಅಂದರೆ ಹೆಚ್ಚುಕಡಿಮೆ ಬೆಂಗಳೂರಿನ ಹವೆ!

ನಮಗೆ ಸೋಂಕು ತಗಲಿದರೆ ಮೈ ತಾನೇ ಕಾಯುತ್ತದೆ. ಮೀನಿನೊಳಗೆ ಆ ಒಲೆ ಇಲ್ಲ. ನೀರು ಎಷ್ಟು ಬಿಸಿಯೋ ಮೈಯೂ ಅಷ್ಟೇ. ಜ್ವರ ಬೇಕೆಂದರೆ ಈಜಿಕೊಂಡು ಹೋಗಿಯೇ ಪಡೆಯಬೇಕು. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದವರು ಪರಸ್ಪರ ಕೂಡಿಸಿದ ತೊಟ್ಟಿಗಳ ಒಂದು ತುದಿಯನ್ನು 24, ಇನ್ನೊಂದನ್ನು 32 ಡಿಗ್ರಿಯಲ್ಲಿಟ್ಟರು. ಸೋಂಕಿತ ಗೆಂಡೆಗಳು ವೈರಸ್ಸಿಗೆ ಹಿತವಲ್ಲದ ಬಿಸಿ ತುದಿಗೆ ಹೋಗಿ ಬದುಕಿಕೊಂಡವು. ಆದರೆ ಹೋದದ್ದು ತಡವಾಗಿ. ‘ಜ್ವರ ಬರಲಿ’ ಎಂದು ದೇಹ ಕಳಿಸುವ ಟಿಎನ್‌ಎಫ್ ಆಲ್ಫಾ ಎಂಬ ಓಲೆಯನ್ನು ವೈರಸ್ಸಿನದೇ ಒಂದು ಪ್ರೋಟೀನು ದಾರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ; ಅಂಚೆಯಣ್ಣನ ಚೀಲದಿಂದ ಕಾಗದ ಎಗರಿಸಿದ ಹಾಗೆ. ಓಲೆ ಮುಟ್ಟುವಷ್ಟರಲ್ಲಿ ವೈರಸ್ಸಿನ ಸಂಸಾರ ಬೆಳೆದಿರುತ್ತದೆ. 2017ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೂ ಮೊದಲೇ ಇಸ್ರೇಲಿನಲ್ಲಿ ಮರಿಗಳಿಗೆ 22-23 ಡಿಗ್ರಿಯಲ್ಲಿ ಬೇಕೆಂದೇ ಸೋಂಕು ಹತ್ತಿಸಿ, ಕೆಲ ದಿನಗಳ ನಂತರ ನೀರನ್ನು 30ಕ್ಕೇರಿಸಿ ಗಟ್ಟಿಮಾಡುವ ಉಪಾಯ ಬಳಕೆಯಲ್ಲಿತ್ತು.

ಹಾಗಾಗಿ ‘ವೈರಸ್ ಕೊಲ್ಲುವ’ ನೀಲಿ ಶೀಸೆಗಳಿಗೆ ದುಡ್ಡು ಸುರಿಯಬೇಡಿ, ಇದಕ್ಕೆ ಔಷಧವಿಲ್ಲ. ತೊಟ್ಟಿ ಚಿಕ್ಕದಾದರೆ ಹೀಟರಿನಿಂದ ನಿಧಾನವಾಗಿ 30 ಡಿಗ್ರಿ ಮುಟ್ಟಿಸಬಹುದು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಗಾಳಿ ಪಂಪು ನಿಲ್ಲಿಸಬಾರದು. ಹೊಸ ಮೀನನ್ನು ಒಂದು ತಿಂಗಳಾದರೂ, 23-24 ಡಿಗ್ರಿಯಲ್ಲಿ, ಬೇರೆ ಬಲೆ, ಬೇರೆ ಬಕೆಟ್ಟಿನೊಂದಿಗೆ ಪ್ರತ್ಯೇಕ ಇಡಿ. ಬದುಕಿದ ಮೀನು ವೈರಸ್ಸನ್ನು ಒಳಗೇ ಇಟ್ಟುಕೊಂಡಿರಬಹುದು. ಅದನ್ನು ಗೆಳೆಯರಿಗೆ ಕೊಡುವುದಿರಲಿ, ಪಾಪವೆಂದು ಊರ ಕೆರೆಗೂ ಬಿಡಬೇಡಿ.